ಕಣ್ಣಿಗೊತ್ತಿಕೊಂಡ ಚೆಂಡು

ರಾಮತೀರ್ಥ ನಗರ, ಬೆಳಗಾವಿ
೧ ಅಕ್ಟೋಬರ್ ೨೦೦೦, ರವಿವಾರ

ಪ್ರೀತಿಯ ಕುಂದಾ,

ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ಉತ್ತರ ಬರಲಿಲ್ಲವೆಂದು ಸಿಟ್ಟಾಗಿರುತ್ತೀ. ಆಗು, ಬೇಡ ಅನ್ನುವುದಿಲ್ಲ. ಆದರೆ ಆ ಸಿಟ್ಟನ್ನೆಲ್ಲ ನನ್ನ ಮೇಲೆಯೇ ಖರ್ಚು ಮಾಡಬೇಡ, ಅರ್ಧ ನಮ್ಮ ಮನೆಯವರಿಗೆ ತೆಗೆದಿಡು. ನಾನು ಹಾಳೆ ಪೆನ್ನು ಹಿಡಿದು ಕೂತಾಗಲೆಲ್ಲ ಕಾಲಡಿಗೆ ಒಂದು ಬಿಳಿ ಚೆಂಡು ಉರುಳಿ ಬರುತ್ತದೆ. ಹಿಂದೆಯೇ ದನಿ ಬರುತ್ತದೆ: "ಪ್ರಮಿಳಾ, ಕಾಲ ಸ್ವಲ್ಪ ತಗಿ. ದಾರ್‍ಯಾಗ ಅದಿ." ನನ್ನ ಮನೆಯಲ್ಲಿ ನಾನೇ ದಾರಿಗೆ ಅಡ್ಡ.

ನಡುಮನೆಯಲ್ಲಿ ಜಮಖಾನ ಹಾಸುತ್ತಾರೆ, ತುದಿಗೆ ನನ್ನ ಸ್ಟೀಲಿನ ಲೋಟ ಅಡ್ಡ ಮಲಗಿಸುತ್ತಾರೆ, ಸಂಜೆಯೆಲ್ಲ ಅದರೊಳಗೆ ಚೆಂಡು ಉರುಳಿಸುತ್ತಾರೆ. ಲೋಟದ ಅಂಚು ಎಷ್ಟು ಕೆಟ್ಟಿದೆಯೆಂದರೆ ಅದರಲ್ಲಿ ಚಹಾ ಕೊಟ್ಟರೆ ಕುಡಿದವರ ತುಟಿ ಕೊಯ್ದೀತು. ಲೋಟಕ್ಕೆ ಹೋಗದ ಚೆಂಡು ನಮ್ಮ ಅತ್ತೆಯ ಮಂಚದ ಕೆಳಗೆ ಹೋಗುತ್ತದೆ. ಆಗ ಐವತ್ತು ದಾಟಿದ ಗಂಡಸು ಮೊಳಕಾಲೂರಿ ಮಂಚದ ಕೆಳಗೆ ತೂರಬೇಕು. ಮೊನ್ನೆ ಅತ್ತೆ ಮೇಲಿನಿಂದಲೇ ಹೇಳಿದರು: "ನಮ್ಮಪ್ಪ ಬಡಿಗಿ ಹಿಡದ್ರ ಹಿಂಡ ಹಿಂಡ ಕುರಿ ಮುಂದ ನಡೀತಿದ್ದೂ. ನೀ ಬಡಿಗಿ ಹಿಡದ್ರ ಒಂದು ತತ್ತಿ ಮಾತ ಕೇಳವಲ್ದು." ಫಕೀರವ್ವನ ಬಾಯಿ ನಿನಗೆ ಗೊತ್ತೇ ಇದೆ. ಮಗ ನಗುತ್ತ ಚೆಂಡು ಹಿಡಿದುಕೊಂಡು ಹೊರಗೆ ಬಂದರು.

ನಿನ್ನ ಅತ್ತೆಯವರು ಹೇಗಿದ್ದಾರೆ? ಮಗ್ಗುಲಾದರೂ ಬದಲಿಸುತ್ತಾರೆಯೇ? ಅವರನ್ನು ಬಿಟ್ಟು ನೀನು ಹೊಸ್ತಿಲು ದಾಟುವ ಹಾಗಿಲ್ಲ. ನಿಮ್ಮ ಬಾಜೂ ಮನೆಯ ಫೋನಿನಲ್ಲಿ ಮಾತಾಡಿದರೆ ಖಾನಾಪುರ ಪೇಟೆಯೇ ಕಿವಿ ಕೊಡುತ್ತದೆ. ತ್ರ್ಯಂಬಕಣ್ಣ ಬಾಯಿ ತೆರೆಯುವವರಲ್ಲ, ನಮ್ಮವರು ಬಾಯಿ ಮುಚ್ಚುವವರಲ್ಲ. ಹೀಗಾಗಿ ನಿನ್ನ ಗಂಡನ ಸುದ್ದಿಯನ್ನೂ ನಾನೇ ನಿನಗೆ ಬರೆದು ತಿಳಿಸಬೇಕಾದ ಹಣೆಬರಹ ಬಂದಿದೆ.

ಮಿಲಿಟರಿ ಕ್ಯಾಂಪಿನ ಚಾಳಿನಲ್ಲಿ ನೀನೂ ನಾನೂ ಒಂದೇ ನಳದ ನೀರು ಹಿಡಿಯುತ್ತಿದ್ದಾಗ ಈ ಇಬ್ಬರೂ ಸಾಹೇಬರ ಗಾಲ್ಫ್ ಚೀಲ ಹೊರುವುದನ್ನು ಬಿಟ್ಟು ಸಾಹೇಬರ ಮಕ್ಕಳಿಗೆ ಆಟ ಕಲಿಸುವ ಕೆಲಸಕ್ಕೆ ಹತ್ತಿದ್ದರು. ಅಲ್ಲಿಗೆ ಹುಚ್ಚು ನಿಂತಿತು, ಇನ್ನು ಪಗಾರ ತಂದು ಮನೆಯಲ್ಲಿರುತ್ತಾರೆ ಅಂದುಕೊಂಡಿದ್ದೆವು. ಈಗ ನೋಡು, ಐವತ್ತು ತುಂಬಿದ ವೃತ್ತಿ ಆಟಗಾರರಿಗೇ ಅಂತ ಯಾರೋ ಒಂದು ಸರಣಿ ಸುರು ಮಾಡಿದರು. ಚಳಿಗಾಲ ಮುಗಿಯುವುದರೊಳಗೆ ಆರು ಊರಲ್ಲಿ ಆಟ, ಕೊನೆಯದು ನಮ್ಮ ಬೆಳಗಾವಿಯಲ್ಲಿ. ಎಲ್ಲ ಅಂಕ ಕೂಡಿಸಿ ಮೊದಲ ಹದಿನೈದು ಜನರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುತ್ತಾರಂತೆ. ಉಳಿದವರು ಮನೆಗೆ. ಅರವತ್ತಕ್ಕೆ ಅರಳು ಮರಳು ಅಂತಾರೆ, ಇವರಿಬ್ಬರಿಗೆ ಹತ್ತು ವರ್ಷ ಮೊದಲೇ ಬಂದಿದೆ.

ಐವತ್ತು ತುಂಬಿದ್ದಕ್ಕೆ ಪುರಾವೆ ಕೊಡಬೇಕಿತ್ತು. ಅತ್ತೆಯನ್ನು ಕೇಳಿದರೆ, "ಕರಿ ಕುರಿ ಮೂರು ಮರಿ ಹಾಕಿತ್ತಲ್ಲ, ಆ ವರ್ಷ ಹುಟ್ಟ್ಯಾನ" ಅಂದರು. ಶಾಲೆಯ ದಾಖಲೆ ತರಿಸಿದರೆ ಹುಟ್ಟಿದ್ದು ಜೂನ್ ಒಂದು. ಮಾಸ್ತರಿಕೆ ಮಾಡುವವಳಿಗೆ ಜೂನ್ ಒಂದರ ಮಹಿಮೆ ಗೊತ್ತಿಲ್ಲವೇ. ತಾರೀಖು ಗೊತ್ತಿಲ್ಲದ ಮಕ್ಕಳನ್ನೆಲ್ಲ ನಾವು ಅಂದೇ ಹುಟ್ಟಿಸುತ್ತೇವೆ. ಸರಣಿಯಲ್ಲಿ ಹೆಸರು ಹಚ್ಚಿದವರಲ್ಲಿ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರಂತೆ. ಎಲ್ಲರೂ ಒಂದು ಕಾಲಕ್ಕೆ ಚೀಲ ಹೊತ್ತವರು ಅನ್ನುವುದಕ್ಕೆ ಬೇರೆ ಪುರಾವೆ ಬೇಡ.

ಪುಣೆಗೆ ಹೋಗುವಾಗ ಬಸ್ಸಿನಲ್ಲಿ ಆದದ್ದು ಕೇಳು. ಕಂಡಕ್ಟರ್ ಎರಡು ಉದ್ದ ಚೀಲ ನೋಡಿ, "ಬ್ಯಾಂಡಿನವ್ರೇನ್ರಿ? ಯಾರ ಲಗ್ನ ಐತಿ?" ಅಂದನಂತೆ. ತ್ರ್ಯಂಬಕಣ್ಣ ಕಿಟಕಿಯ ಹೊರಗೆ ನೋಡಿದರು. ನಮ್ಮವರು ನಿಪ್ಪಾಣಿ ಬರುವ ತನಕ ಅವನಿಗೆ ಆಟದ ಪಾಠ ಮಾಡಿದರು. ಎಲ್ಲ ಕೇಳಿ ಅವನು, "ಅಂದ್ರ ಕಡಿಮಿ ಹೊಡದಾಂವ ಗೆದ್ದಂಗ? ಮತ್ತ ಹೊಡೀದ ಮನ್ಯಾಗ ಕುಂತ್ರ ಇನ್ನೂ ಚಲೋ ಅಲ್ಲೇನ್ರಿ?" ಅಂದು ಎರಡು ಲಗೇಜ್ ಟಿಕೆಟ್ ಹರಿದು ಕೊಟ್ಟನಂತೆ. ಆ ಕಂಡಕ್ಟರ್ ಸಿಕ್ಕರೆ ನಾನು ಅವನನ್ನು ಊಟಕ್ಕೆ ಕರೆಯುವವಳಿದ್ದೇನೆ.

ಪುಣೆಯಲ್ಲಿ ನಿನ್ನವರು ಚೆನ್ನಾಗಿ ಆಡಿದರು, ನಮ್ಮವರು ಹಾಗೂ ಹೀಗೂ. ಇವರ ಜೊತೆ ನನ್ನ ಕರಾರು ಆಗಿದೆ. ಹದಿನೈದರೊಳಗೆ ಬಂದರೆ ಇನ್ನೊಂದು ವರ್ಷ ನಾನು ತುಟಿ ಪಿಟಕ್ ಅನ್ನುವುದಿಲ್ಲ. ಬರದಿದ್ದರೆ ಚೀಲ ಅಟ್ಟಕ್ಕೆ, ಇವರು ಕ್ಯಾಂಪಿನ ಕೆಲಸಕ್ಕೆ. ಅಲ್ಲಿಯ ಕರ್ನಲ್ ಸಾಹೇಬರು ಒಂದು ವರ್ಷದ ಮಟ್ಟಿಗೆ ಜಾಗ ಕಾಯ್ದಿಡುತ್ತೇನೆ ಅಂದಿದ್ದಾರೆ. ನಿನ್ನ ಮೈದುನನೂ ತ್ರ್ಯಂಬಕಣ್ಣನಿಗೆ ಇದೇ ಮಾತು ಹೇಳಿದ್ದಾನೆಂದು ಬರೆದಿದ್ದೀ: ಜಾಗ ಸಿಗದಿದ್ದರೆ ಅವನ ಹಂಚಿನ ಅಂಗಡಿಯ ಗಲ್ಲೆಯ ಮೇಲೆ ಕೂತು ರೊಕ್ಕ ಎಣಿಸಬೇಕು. ಚಲೋ ಆಯಿತು. ಇಬ್ಬರೂ ಬೇಗ ಸೋತು ಮನೆಗೆ ಬರಲಿ ಅಂತ ನಾನಂತೂ ಮನೆದೇವರಿಗೆ ಹೇಳಿಕೊಂಡಿದ್ದೇನೆ.

ಅತ್ತೆಯವರಿಗೆ ನಮಸ್ಕಾರ, ವಿಕ್ರಮನಿಗೆ ಆಶೀರ್ವಾದ.

ನಿನ್ನ
ಪ್ರಮಿಳಾ

ತಾ.ಕ.: ತ್ರ್ಯಂಬಕಣ್ಣನ ಕೈಯಲ್ಲಿ ನೀನು ಕಳಿಸಿದ ಚಕ್ಕುಲಿ ನನಗೆ ಮುಟ್ಟಲಿಲ್ಲ. ಸಾತಾರಾ ದಾಟುವುದರೊಳಗೆ ಇಬ್ಬರೂ ಮುಗಿಸಿದ್ದಾರೆ.


ರಾಮತೀರ್ಥ ನಗರ
೧೭ ಡಿಸೆಂಬರ್ ೨೦೦೦

ಪ್ರೀತಿಯ ಕುಂದಾ,

ಈ ಸಲ ತಡ ಮಾಡಿಲ್ಲ, ನಿನ್ನ ಪತ್ರ ನಿನ್ನೆ ಬಂತು, ಇವತ್ತು ಕೂತಿದ್ದೇನೆ. ಮೈಸೂರಿನಿಂದ ಬಂದ ಮೇಲೆ ತ್ರ್ಯಂಬಕಣ್ಣ ಅನ್ನದ ತಾಟಿನ ಮುಂದೆಯೂ ಮಾತಾಡುವುದಿಲ್ಲ, ಏನಾಗಿದೆ ಅಂತ ಕೇಳಿದ್ದೀ. ಏನಾಗಿದೆ ಅಂತ ಹೇಳಿದರೆ ನೀನೂ ತಲೆ ಚಚ್ಚಿಕೊಳ್ಳುತ್ತೀ.

ಮೊದಲಿಗೆ ಕನ್ನಡಕದ ಕಥೆ. ನಿನ್ನವರು ಹೊಸದಾಗಿ ಎರಡು ನಮೂನೆ ಗಾಜಿನ ಕನ್ನಡಕ ಹಾಕಿಸಿಕೊಂಡರಲ್ಲ, ಅದನ್ನು ಹಾಕಿಕೊಂಡು ಬಗ್ಗಿದರೆ ಅವರಿಗೆ ಎರಡೆರಡು ಚೆಂಡು ಕಾಣುತ್ತವಂತೆ. "ಭರಮ್ಯಾ, ಯಾವುದನ್ನ ಹೊಡೀಲಿ?" ಅಂದರೆ ನಮ್ಮವರು, "ದೊಡ್ಡದನ್ನ ಹೊಡಿ, ಸಣ್ಣದು ಹಿಂದ ಬರ್ತೈತಿ" ಅಂದರಂತೆ. ಲಾಡ್ಜಿನಲ್ಲಿ ಇಬ್ಬರಿಗೂ ಒಂದೇ ಖೋಲಿ. ಒಬ್ಬರಿಗೆ ಫ್ಯಾನ್ ಬೇಕು, ಒಬ್ಬರಿಗೆ ಬೇಡ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಹಾಗೆ ಒಬ್ಬರು ಎದ್ದು ಹಚ್ಚುವುದು, ಇನ್ನೊಬ್ಬರು ಎದ್ದು ಆರಿಸುವುದು. ಬೇರೆ ಬೇರೆ ಖೋಲಿ ತಗೊಳ್ಳಿರಿ ಅಂದರೆ, "ಅಂವ ಇಲ್ದ ನಿದ್ದಿ ಹತ್ತಂಗಿಲ್ಲ" ಅಂತ ನಮ್ಮವರ ಉತ್ತರ. ಲಗ್ನವಾಗಿ ಇಪ್ಪತ್ತೇಳು ವರ್ಷದಲ್ಲಿ ನನ್ನ ಬಗ್ಗೆ ಈ ಮಾತು ಒಮ್ಮೆಯೂ ಬಂದಿಲ್ಲ.

ಮೈಸೂರಿನಲ್ಲಿ ಇಬ್ಬರೂ ಒಂದೇ ಗುಂಪಿನಲ್ಲಿ ಆಡುತ್ತಿದ್ದರು. ಒಂದು ಕಡೆ ಎದುರು ಗಾಳಿ ಬೀಸುತ್ತಿತ್ತು. ತ್ರ್ಯಂಬಕಣ್ಣ ಕೈಯಲ್ಲಿ ಒಂದು ಸ್ಟಿಕ್ ಹಿಡಿದು ಯೋಚನೆ ಮಾಡುತ್ತ ನಿಂತಿದ್ದರು. ನಮ್ಮವರ ಬಾಯಿ ಸುಮ್ಮನಿರುತ್ತದೆಯೇ? "ಗಾಳಿ ಎದರ ಐತಿ, ದೊಡ್ಡದ ತಗೋ" ಅಂದುಬಿಟ್ಟರು. ಅಷ್ಟೇ. ಈ ಆಟದಲ್ಲಿ ಎದುರಾಳಿಗೆ ಹಾಗೆ ಸಲಹೆ ಕೊಡಬಾರದಂತೆ, ಕೊಟ್ಟರೆ ಎರಡು ಹೊಡೆತ ದಂಡ. ಹತ್ತಿರ ನರಪಿಳ್ಳೆ ಇರಲಿಲ್ಲ. ತ್ರ್ಯಂಬಕಣ್ಣನೂ ಕೇಳಿಸದವರಂತೆ ಕೈಯಲ್ಲಿದ್ದ ಸ್ಟಿಕ್ಕಿನಿಂದಲೇ ಹೊಡೆದರು. ಆದರೂ ಇವರು ಹೋಗಿ ತಮ್ಮ ಮೇಲೆ ತಾವೇ ಚಾಡಿ ಹೇಳಿ ಎರಡು ಹೊಡೆತ ಬರೆಸಿಕೊಂಡು ಬಂದರು.

ತ್ರ್ಯಂಬಕಣ್ಣನಿಗೆ ಸಿಟ್ಟು ಬಂದದ್ದು ಆಗ. "ನಿನಗ ಯಾರು ಹೇಳು ಅಂದಿದ್ರು? ಯಾರೂ ಕೇಳಿಸ್ಕೊಂಡಿದ್ದಿಲ್ಲ" ಅಂದರಂತೆ. ಇವರು, "ನಾ ಕೇಳಿಸ್ಕೊಂಡಿದ್ನಲ್ಲ" ಅಂದರಂತೆ. ಅಲ್ಲಿಂದ ಬೆಳಗಾವಿ ಬಸ್ ಸ್ಟ್ಯಾಂಡಿನ ತನಕ ನಿನ್ನವರು ಒಂದು ಮಾತಾಡಿಲ್ಲ. ತನ್ನ ಸಲುವಾಗಿ ಗೆಳೆಯ ಎರಡು ಹೊಡೆತ ಕಳಕೊಂಡ ಅನ್ನುವುದು ಅವರ ಸಂಕಟ. ಈಗ ಗೊತ್ತಾಯಿತಲ್ಲ, ಅನ್ನದ ತಾಟಿನ ಮುಂದೆ ಏನು ನಡೆದಿದೆಯೆಂದು.

ನಾನೂ ಕೇಳಿದೆ, ಬಿಡಲಿಲ್ಲ. "ಅಲ್ರೀ, ಹೇಳದಿದ್ದರ ಏನಾಗ್ತಿತ್ತು?" ಅಂದೆ. ಇವರು ಬೂಟಿನ ಕೆಸರು ಕೆರೆಯುತ್ತ ಕೂತಿದ್ದರು. "ಕ್ರಿಕೆಟ್ಟಿನಾಗ ಅಂಪೈರ್ ಇರ್ತಾನ. ಇದರಾಗ ಕಳ್ಳನೂ ನಾವಽ, ಪೊಲೀಸನೂ ನಾವಽ. ನಡುವ ಇನ್ಯಾರೂ ಇರಂಗಿಲ್ಲ. ಇಷ್ಟ ಒಂದು ಇದ್ದದ್ದಕ್ಕ ಚೀಲಾ ಹೊರೂ ಹುಡುಗೂರಿಗೆ ಸಾಹೇಬ್ರ ಸರಿಸಮ ಆಡಾಕ ಬರ್ತೈತಿ" ಅಂದರು. ನಾನು ಎದ್ದು ಹೋಗಿ ಒಲೆಯ ಮೇಲಿನ ಹಾಲು ನೋಡಿದೆ, ಉಕ್ಕಿ ಹೋಗಿತ್ತು.

ಈಗ ಪಟ್ಟಿಯಲ್ಲಿ ತ್ರ್ಯಂಬಕಣ್ಣ ಹದಿಮೂರು, ನಮ್ಮವರು ಹದಿನೇಳು. ಆ ಎರಡು ಹೊಡೆತ ಉಳಿದಿದ್ದರೆ ಇವರೂ ಹದಿನೈದರೊಳಗೆ ಇರುತ್ತಿದ್ದರು. ನಗಬೇಡ, ನಾನು ಲೆಕ್ಕ ಹಾಕಿದ್ದೇನೆ. ಪೇಪರಿನ ಆಟದ ಪುಟದ ಕೊನೆಯ ಮೂಲೆಯಲ್ಲಿ, ಬೆರಳುಗುರಿನಷ್ಟು ಅಕ್ಷರದಲ್ಲಿ ಹೆಸರು ಬರುತ್ತದೆ. ಶಾಲೆಯಲ್ಲಿ ನಮ್ಮ ಹೆಡ್‌ಮಾಸ್ತರ್ ಈರಯ್ಯನವರು ಓದಿ ಮುಗಿಸುವ ತನಕ ಕಾದು ಆ ಪುಟ ಇಸಿದುಕೊಳ್ಳುತ್ತೇನೆ. ಸೋತು ಬರಲಿ ಅಂತ ಬೇಡಿಕೊಂಡವಳಿಗೆ ಈಗ ಇವರು ಹದಿನೈದರಲ್ಲಿ ಬರಲಿ ಅನ್ನಿಸತೊಡಗಿದೆ. ಇಬ್ಬರೂ ಬರಲಿ. ಒಬ್ಬರು ಬಂದು ಒಬ್ಬರು ಬಿಟ್ಟರೆ ಇನ್ನೊಬ್ಬರನ್ನು ಹಿಡಿಯುವವರು ಯಾರು? ಇವರ ಹುಚ್ಚು ಅಂಟುರೋಗ, ಕುಂದಾ. ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬರುತ್ತದೆ.

ಕೊನೆಯ ಪಂದ್ಯ ಫೆಬ್ರುವರಿ ಮೊದಲ ವಾರ, ನಮ್ಮ ಕ್ಯಾಂಪಿನ ಮೈದಾನದಲ್ಲೇ. ತ್ರ್ಯಂಬಕಣ್ಣ ದಿನಾ ಖಾನಾಪುರದಿಂದ ಓಡಾಡುವುದು ಬೇಡ, ನಮ್ಮಲ್ಲೇ ಇರಲಿ. ಫ್ಯಾನಿನ ಜಗಳ ನಾನು ಬಗೆಹರಿಸುತ್ತೇನೆ. ಅತ್ತೆಯವರಿಗೆ ನಮಸ್ಕಾರ ಹೇಳು, ನಿನ್ನ ಸೊಂಟ ನೋಡಿಕೋ, ಅವರನ್ನು ಎತ್ತುವಾಗ ವಿಕ್ರಮನನ್ನೂ ಕೈಗೆ ಕರೆದುಕೋ.

ನಿನ್ನ
ಪ್ರಮಿಳಾ


ರಾಮತೀರ್ಥ ನಗರ
೪ ಮಾರ್ಚ್ ೨೦೦೧, ರವಿವಾರ

ಕುಂದಾ,

ಒಂದು ತಿಂಗಳಿಂದ ನಾನು ಬರೆದಿಲ್ಲ, ನೀನೂ ಬರೆದಿರಲಿಲ್ಲ. ನನ್ನದಕ್ಕೆ ಕಾರಣ ಜನಗಣತಿ. ಪಂದ್ಯ ಮುಗಿದ ವಾರವೇ ಕಣಬರಗಿಯ ಮನೆ ಮನೆಗೆ ಹತ್ತಿಳಿದು, ಯಾರ ಮನೆಯಲ್ಲಿ ಎಷ್ಟು ಜನ, ಯಾರ ವಯಸ್ಸು ಎಷ್ಟು ಅಂತ ಬರೆದು ಬರೆದು ಕೈ ಸೋತಿತ್ತು. ನಿನ್ನದಕ್ಕೆ ಕಾರಣ ನನಗೆ ಗೊತ್ತಿದೆ. ಮೊನ್ನೆ ಬಂದ ನಿನ್ನ ಕಾರ್ಡಿನಲ್ಲಿ ಎರಡೇ ಸಾಲು: "ಇವರು ಮುಂದಿನ ವರ್ಷ ಆಡಲು ಹೋಗುವುದಿಲ್ಲ ಅನ್ನುತ್ತಿದ್ದಾರೆ. ಏನಾಯಿತೆಂದು ಹೇಳುತ್ತಿಲ್ಲ." ಹೇಳಿರಲಾರರು. ಹಾಗಾದರೆ ನಾನು ಹೇಳುತ್ತೇನೆ, ಕೂತು ಓದು.

ಪಂದ್ಯದ ಆ ನಾಲ್ಕು ದಿನ ತ್ರ್ಯಂಬಕಣ್ಣ ನಮ್ಮಲ್ಲೇ ಇದ್ದರು. ಮೈಸೂರಿನ ಸಿಟ್ಟು ಆರಿತ್ತು. ಬೆಳಿಗ್ಗೆ ಇಬ್ಬರೂ ಅವಲಕ್ಕಿ ತಿಂದು, ಒಬ್ಬರ ಮೊಳಕಾಲಿಗೆ ಒಬ್ಬರು ಎಣ್ಣೆ ತಿಕ್ಕಿ, ಮದುವೆ ಗಂಡುಗಳ ಹಾಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಹೊರಡುತ್ತಿದ್ದರು. ಹಿಂದಿನ ಊರಿನಲ್ಲಿ ನಿನ್ನವರು ಜಾರಿದ್ದರು, ನಮ್ಮವರು ಏರಿದ್ದರು. ಕೊನೆಯ ದಿನ ಬರುವ ಹೊತ್ತಿಗೆ ಇಬ್ಬರೂ ಹದಿನೈದು ಹದಿನಾರರ ನಡುವೆ ಅದಲುಬದಲಾಗುತ್ತಿದ್ದರು. ಇಬ್ಬರಲ್ಲಿ ಒಬ್ಬರಿಗೇ ಜಾಗ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅಂಥ ದಿನವೇ ಇಬ್ಬರಿಗೂ ಒಂದೇ ಗುಂಪು ಬಂತು.

ಅಂದು ರವಿವಾರ. ನಾನು ಹೊರಟಾಗ ಅತ್ತೆ, "ನನ್ನ ಮಗಾ ಏನ ಮಾಡತಾನ ನಾನೂ ನೋಡಬೇಕು" ಅಂತ ಸೀರೆ ಉಟ್ಟು ನಿಂತರು. ರಿಕ್ಷಾ ಮಾಡಿ ಕರೆದುಕೊಂಡು ಹೋದೆ. ಮೈದಾನ ನೋಡಿದವರೇ ಅಲ್ಲೇ ನಿಂತುಬಿಟ್ಟರು. "ಇಷ್ಟು ಹುಲ್ಲ ಐತಿ, ಒಂದು ಕುರಿ ಬಾಯಿ ಹಾಕಿಲ್ಲ. ಯಾರಿಗೂ ತಿನ್ನಾಕ ಕೊಡದ ಬೆಳಸ್ಯಾರ. ಇದು ಪಾಪ ಹತ್ತತೈತಿ" ಅಂದರು. ಹುಲ್ಲು ಕತ್ತರಿಸುವ ಯಂತ್ರ ನಡೆಸುತ್ತಿದ್ದವನನ್ನು ಕರೆದು, ಕತ್ತರಿಸಿದ್ದು ಎಲ್ಲಿ ಹಾಕುತ್ತೀ ಅಂತ ವಿಚಾರಣೆ ಮಾಡಿದರು. ನಾನು ಕೈ ಹಿಡಿದು ಎಳೆದುಕೊಂಡು ಹಗ್ಗದ ಗುಂಟ ಇವರ ಹಿಂದೆ ನಡೆದೆ. ನೋಡಲು ಬಂದವರು ನಾವೊಂದು ಹತ್ತು ಜನ ಇದ್ದೆವು.

ಚೆಂಡು ಕೆಡವುವ ಕುಣಿ ಹದಿನೆಂಟಲ್ಲವೇ, ಹನ್ನೆರಡನೆಯದರ ಹತ್ತಿರ ನಮ್ಮವರ ಚೆಂಡು ಮಾವಿನ ಗಿಡದ ಕೆಳಗೆ ಒಣ ಎಲೆಯಲ್ಲಿ ಹೋಗಿ ಕೂತಿತು. ಇವರು ಹುಡುಕುತ್ತ ಹೋದರು, ಎಲೆಯ ಕೆಳಗಿದ್ದ ಚೆಂಡಿಗೆ ಕಾಲು ತಾಗಿತು. ಈಗ ನೀನೇ ಹೇಳು ಕುಂದಾ, ಪುಸ್ತಕಕ್ಕೋ ತಕ್ಕಡಿಗೋ ಮನುಷ್ಯರಿಗೋ ಕಾಲು ತಾಗಿದರೆ ನೀನು ಏನು ಮಾಡುತ್ತೀ? ವಿಚಾರ ಮಾಡಿ ಮಾಡುತ್ತೀಯೇನು? ಇವರಿಗೆ ಅನ್ನ ಹಾಕುವುದು ಆ ಚೆಂಡು. ಬಗ್ಗಿದರು, ಎತ್ತಿಕೊಂಡರು, ಎರಡೂ ಕಣ್ಣಿಗೆ ಒತ್ತಿಕೊಂಡರು, ಇದ್ದಲ್ಲೇ ಇಟ್ಟರು. ಆಮೇಲೆ ಸ್ಟಿಕ್ ತೆಗೆದುಕೊಂಡು ಹೊಡೆದರು. ನಾನು ಕಣ್ಣಾರೆ ನೋಡಿದೆ, ನನಗೆ ಏನೂ ಅನ್ನಿಸಲಿಲ್ಲ. ಅತ್ತೆ ಮಾತ್ರ, "ನೋಡ, ಎಷ್ಟು ಸಾಹೇಬ ಆದ್ರೂ ನಾ ಕಲಿಸಿದ್ದು ಮರತಿಲ್ಲ" ಅಂತ ಸಮಾಧಾನಪಟ್ಟರು. ಇವರಿಗಂತೂ ತಾನು ಎತ್ತಿದ್ದೇನೆ ಅನ್ನುವ ಖಬರೇ ಇರಲಿಲ್ಲ.

ಆಟದ ನಡುವೆ ಚೆಂಡು ಹಾಗೆ ಎತ್ತಬಾರದು. ಎತ್ತಿದರೆ ಒಂದು ಹೊಡೆತ ದಂಡ. ಅದನ್ನು ನೋಡಿದ ಇನ್ನೊಬ್ಬರು ತ್ರ್ಯಂಬಕಣ್ಣ. ಅಲ್ಲಿಂದ ಮುಂದೆ ಅವರ ಮುಖ ಇಳಿದದ್ದನ್ನು ನಾನು ಗಮನಿಸಿದೆ. ಬಿಸಿಲಿಗೆ ತಲೆ ನೋಯುತ್ತಿರಬೇಕು ಅಂದುಕೊಂಡೆ. ಇವರು ಬಾಜೂದಲ್ಲಿ ಮಾತಾಡುತ್ತಲೇ ನಡೆದಿದ್ದರು, ಅವರು ಹೂಂ ಅನ್ನುತ್ತಿದ್ದರು.

ಆಟ ಮುಗಿಯಿತು. ಯಾರೋ ಕೂಡಿಸಿ ನೋಡಿ, ಭರಮಣ್ಣ ಹದಿನೈದಕ್ಕೆ ನಿಂತ, ತ್ರ್ಯಂಬಕ ಹದಿನಾರು ಅಂದರು. ಇವರು ಓಡಿ ಬಂದು ಅವ್ವನ ಕಾಲು ಮುಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ನಿನ್ನ ನೆನಪೂ ಆಯಿತು, ಹಂಚಿನ ಅಂಗಡಿಯ ನೆನಪೂ ಆಯಿತು. ಹಾಗೆ ನಿಂತಿದ್ದಾಗ ಶಾಮಿಯಾನದ ಕೆಳಗಿನ ಟೇಬಲ್ಲಿನಿಂದ ನಿಯಮ ನೋಡುವ ಸಾಹೇಬರು ಇವರನ್ನು ಕರೆದರು. ಇವರ ಹೊಡೆತದ ಲೆಕ್ಕದ ಕಾರ್ಡು ಬರೆದದ್ದು ತ್ರ್ಯಂಬಕಣ್ಣ, ಅವರ ಕಾರ್ಡು ಇವರು. ಒಬ್ಬರದು ಇನ್ನೊಬ್ಬರು ಬರೆದು ಸಹಿ ಮಾಡಬೇಕು, ಹಾಗೆ ಪದ್ಧತಿ. ಸಹಿ ಇನ್ನೂ ಆಗಿರಲಿಲ್ಲ. ತ್ರ್ಯಂಬಕಣ್ಣ ಸಾಹೇಬರ ಬಾಜೂದಲ್ಲಿ ನೆಲ ನೋಡುತ್ತ ನಿಂತಿದ್ದರು.

"ಭರಮಣ್ಣನವರೇ, ಹನ್ನೆರಡನೆಯ ಕುಣಿಯ ಹತ್ತಿರ ಚೆಂಡು ಕೈಯಲ್ಲಿ ಎತ್ತಿದ್ರಾ?" ಅಂತ ಸಾಹೇಬರು ಕೇಳಿದರು.

"ಇಲ್ರಿ," ಅಂದರು ಇವರು.

"ನಿಮ್ಮ ಜೊತೆ ಆಡಿದವರು ನೋಡಿದ್ದಾರೆ."

ಇವರು ತ್ರ್ಯಂಬಕಣ್ಣನ ಕಡೆ ನೋಡಿದರು. ಅಲ್ಲಿದ್ದವರೆಲ್ಲ ಇವರ ಕಡೆ ನೋಡಿದರು. ಚಿಕ್ಕಂದಿನಿಂದ ಇವರನ್ನು 'ಭರಮ್ಯಾ' ಅಂದವರು, ಇವರ ಕೈಯಲ್ಲಿ ಆಟ ಕಲಿತವರು ಎಲ್ಲ ಅಲ್ಲೇ ಇದ್ದರು. ಒಬ್ಬರ ಮುಖದಲ್ಲಿಯೂ ಇವರು ಹೇಳಿದ್ದು ಖರೇ ಇರಬಹುದು ಅನ್ನುವ ಭಾವನೆ ಇರಲಿಲ್ಲ. "ನಾ ಎತ್ತಿಲ್ರಿ" ಅಂತ ಇವರು ಮತ್ತೊಮ್ಮೆ ಅಂದರು.

ಆಗ ನಮ್ಮ ಅತ್ತೆ ಜನರನ್ನು ಸರಿಸಿಕೊಂಡು ಮುಂದೆ ಹೋದರು. ಮಗನ ಸಂಸ್ಕಾರದ ಬಗ್ಗೆ ಯಾರೋ ಅನುಮಾನ ಪಡುತ್ತಿದ್ದಾರೆ ಅಂತ ಅವರ ತಿಳುವಳಿಕೆ. "ಎತ್ತಿದ್ನಲ್ರಿ. ಎತ್ತಿ ಕಣ್ಣಿಗೆ ಒತ್ಕೊಂಡ. ನಾ ಬಾಜೂಕಽ ನಿಂತು ನೋಡೀನಿ. ಕಾಲ ತಾಗಿದ್ರ ಹಂಗ ಬಿಡಬಾರ್ದು ಅಂತ ಸಣ್ಣಾಂವ ಇದ್ದಾಗ ನಾನಽ ಕಲಿಸೀನಿ" ಅಂದರು. ನನಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣ ಅನ್ನಿಸಿತು. ಇವರು ಒಂದು ಗಳಿಗೆ ಅವ್ವನ ಮುಖ ನೋಡಿ, ತಮ್ಮ ಬಲಗೈ ನೋಡಿಕೊಂಡರು. "ಹೌದ್ರಿ ಸಾಹೇಬ್ರ. ಎತ್ತೀನಿ. ನನ್ನ ಧ್ಯಾನದಾಗ ಇರಲಿಲ್ಲ. ಒಂದು ಹೊಡತ ಹಾಕ್ರಿ" ಅಂದರು. ಹಾಕಿದರು. ಆ ಒಂದರಿಂದ ಇವರು ಹದಿನಾರಕ್ಕೆ ಇಳಿದರು, ತ್ರ್ಯಂಬಕಣ್ಣ ಹದಿನೈದಕ್ಕೆ ಏರಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇವರು ಕೈ ಮುಂದೆ ಚಾಚಿದರು. ತ್ರ್ಯಂಬಕಣ್ಣ ಕೈ ಕೊಟ್ಟರೋ ಇಲ್ಲವೋ ನನಗೆ ಕಾಣಲಿಲ್ಲ. ಆಮೇಲೆ ಹುಡುಕಿದರೆ ಅವರು ಅಲ್ಲಿ ಇರಲಿಲ್ಲ, ಅಲ್ಲಿಂದ ನೇರವಾಗಿ ಖಾನಾಪುರದ ಬಸ್ಸು ಹತ್ತಿದ್ದರು. ಅವರ ಎರಡು ಅಂಗಿ ನಮ್ಮ ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದವು.

ಇದರಲ್ಲಿ ಸುಳ್ಳು ಒಂದೂ ಇಲ್ಲ ಕುಂದಾ. ನಿನ್ನ ಗಂಡ ನೋಡಿದ್ದು ನಿಜ, ನಿಯಮವೂ ನಿಜ. ಸುಮ್ಮನೆ ಸಹಿ ಮಾಡಿದ್ದರೆ ಅದು ತಪ್ಪಾಗುತ್ತಿತ್ತು. ನಮ್ಮವರೂ ಹೀಗೇ ಹೇಳುತ್ತಾರೆ. ಮರುದಿನವೇ ಕರ್ನಲ್ ಸಾಹೇಬರ ಹತ್ತಿರ ಹೋಗಿ ಹಳೆಯ ಕೆಲಸಕ್ಕೆ ಹಾಜರಾದರು. ನನ್ನ ಕರಾರು ಗೆದ್ದಿತು, ಚೀಲ ಅಟ್ಟಕ್ಕೆ ಹೋಯಿತು, ಜಮಖಾನ ಮಡಚಿದೆ, ಲೋಟ ಒಲೆಯ ಹತ್ತಿರ ಬಂತು. ಮನೆಯಲ್ಲಿ ಎಲ್ಲಿ ಬೇಕಾದರೂ ಕಾಲು ಚಾಚಿ ಕೂಡಬಹುದು. ಇಷ್ಟು ದಿನ ಬೇಡಿದ್ದು ಸಿಕ್ಕಿದೆ, ನನಗೆ ಒಂದು ದಿನವೂ ಸುಖ ಅನ್ನಿಸಿಲ್ಲ.

ಹೋದ ರವಿವಾರ ಇವರು ಆ ಎರಡು ಅಂಗಿಯನ್ನು ಇಸ್ತ್ರಿ ಮಾಡಿಸಿಕೊಂಡು ನಿಮ್ಮ ಮನೆಗೆ ಬಂದರಲ್ಲ. ನೀನು ಚಹಾ ಮಾಡಿ ಕೊಟ್ಟೆ, ಅವರು ನಂದಗಡಕ್ಕೆ ಹೋಗಿದ್ದಾರೆ ಅಂದೆ. ಇವರು ಅಂಗಿ ಕೊಟ್ಟು, ನಿನ್ನ ಅತ್ತೆಯವರನ್ನು ಮಾತಾಡಿಸಿ ತಿರುಗಿ ಬಂದರು. "ಅಂವ ಇಲ್ಲಂತ. ಚಪ್ಪಲಿ ಇದ್ದೂ" ಅಂತ ನಗುತ್ತಲೇ ನನಗೆ ಹೇಳಿದರು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಒಳಗಿನಿಂದ ಗಂಡ ಕೈಸನ್ನೆ ಮಾಡಿದರೆ ಹೆಂಡತಿಯಾದವಳು ಇನ್ನೇನು ಹೇಳಬೇಕು? ಆದರೆ ಇದು ಯಾವ ನ್ಯಾಯ, ನನಗೆ ತಿಳಿಯುವುದಿಲ್ಲ. ಕಳಕೊಂಡವರು ಬಸ್ಸು ಹತ್ತಿ ಹುಡುಕಿಕೊಂಡು ಬರುತ್ತಾರೆ, ಸಿಕ್ಕವರು ಒಳಖೋಲಿಯಲ್ಲಿ ಅಡಗಿ ಕೂತಿದ್ದಾರೆ.

ಈಗ ಆ ಜಾಗವನ್ನೂ ಬಿಡುತ್ತಾರಂತೆ. ನಿನ್ನ ಕಾರ್ಡು ಓದಿ ನನ್ನ ತಲೆ ಕೆಟ್ಟಿತು. ಬಿಟ್ಟರೆ ಇವರಿಗೆ ಸಿಗುತ್ತದೆಯೇನು? ಯಾರೋ ಮೂರನೆಯವರಿಗೆ ಮತ್ತೆ ಆಯ್ಕೆ ಆಟ ನಡೆಸಿ ಕೊಡುತ್ತಾರೆ. ಇವರಿಗೆ ಓದಿ ಹೇಳಿದೆ. "ಅಂವ ಹೋಗಬೇಕು. ಜಾಗಾ ಕೆಡಸಬಾರ್ದು ಅಂತ ಬರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಎಣ್ಣೆ ತಿಕ್ಕಿಸಿಕೊಂಡ ಮೊಳಕಾಲು ಅದು, ಗಲ್ಲೆಯ ಮೇಲೆ ಮಡಚಿ ಕೂಡಲಿಕ್ಕಲ್ಲ ಅಂತ ಹೇಳು. ನಾನು ಹೇಳಿದೆ ಅಂತ ಹೇಳಿದರೂ ಅಡ್ಡಿಯಿಲ್ಲ.

ವಿಕ್ರಮನ ಹತ್ತನೆಯ ಪರೀಕ್ಷೆ ಹತ್ತಿರ ಬಂತಲ್ಲ. ಗಣಿತದಲ್ಲಿ ಪ್ರಮೇಯ ಬಾಯಿಪಾಠ ಮಾಡುವುದು ಬೇಡ, ಬರೆದು ಬರೆದು ರೂಢಿ ಮಾಡಲಿ. ಅವನು ಚೆನ್ನಾಗಿ ಪಾಸಾಗಲಿ, ನಿನ್ನ ಅತ್ತೆಯವರ ನೋವು ಹಗುರಾಗಲಿ, ನಿನ್ನ ಮನೆಯ ದೀಪ ನೆಟ್ಟಗೆ ಉರಿಯಲಿ. ನಮ್ಮ ಅತ್ತೆ ನಿನಗೆ ಕೈಯೆತ್ತಿ ಹರಸಿದ್ದಾರೆ. ತಾನು ಅಂದು ಆಡಿದ ಮಾತಿನಿಂದ ಏನಾಯಿತೆಂದು ಅವರಿಗೆ ಇನ್ನೂ ಯಾರೂ ಹೇಳಿಲ್ಲ, ಹೇಳುವುದೂ ಇಲ್ಲ.

ನಿನ್ನ
ಪ್ರಮಿಳಾ

ತಾ.ಕ.: ಪತ್ರ ಅಂಟಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಇವರು ನಗುತ್ತಾರೆ ಅಂತ ಬರೆದಿದ್ದೇನೆ, ನಗುವುದು ನಿಜ. ಆದರೆ ಈಗ ಅಂಗಳದಲ್ಲಿ ಬೂಟು ಹಾಕಿಕೊಳ್ಳುತ್ತ ಕೂತಿದ್ದವರು, ಹಾಕಿದ ಒಂದು ಬೂಟನ್ನು ಮತ್ತೆ ಕಳಚಿದರು. ಏನಾತ್ರೀ ಅಂದೆ. "ಜಾಗಾ ಹೋದದ್ದಕ್ಕ ನನಗೇನಿಲ್ಲ ಪ್ರಮಿಳಾ. ಹನ್ನೆರಡನೇ ಕುಣಿಯಿಂದ ಹದಿನೆಂಟನೇದರ ತನಕ ಅಂವ ನನ್ನ ಬಾಜೂಕಽ ನಡದ. 'ಭರಮ್ಯಾ, ನೀ ಚೆಂಡ ಎತ್ತಿದಿ' ಅಂತ ನನಗ ಒಂದು ಮಾತ ಅಂದಿದ್ರ ಸಾಕಾಗಿತ್ತು, ನಾನಽ ಹೋಗಿ ಹೇಳ್ತಿದ್ನಿ. ನನಗ ಬಿಟ್ಟು ಸಾಹೇಬ್ರಿಗೆ ಹೇಳಿದ. ನಾ ಹೇಳಂಗಿಲ್ಲ, ಮುಚ್ಚಿಡ್ತೇನಿ ಅಂತ ಅವಗ ಅನಿಸ್ತೇನ?" ಅಂದರು. ಇದಕ್ಕೆ ಉತ್ತರ ತ್ರ್ಯಂಬಕಣ್ಣನ ಹತ್ತಿರ ಇದ್ದರೆ ಬರೆದು ಕಳಿಸುವುದು ಬೇಡ, ಬಂದು ಇವರಿಗೇ ಹೇಳಲಿ.